ಅತ್ತೆಗೆ ಹೋದ ಕ್ಯಾಸೆಟ್ಟಿನ ಹಿಂಬದಿ

ನನಗೆ ಹಾಡಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಹಾಡಲು ಬಾರದವನಿಗೇ ಹಾಡುವ ಚಪಲ ಜಾಸ್ತಿ. ನಾನು ಸೌದಿಯ ಯಾನ್ಬುವಿನಲ್ಲಿ ಕೆಲಸಕ್ಕಿದ್ದಾಗ, ನಮ್ಮ ಅಮೆರಿಕನ್ ಫೋರ್‌ಮನ್ನನ ಪಿಕಪ್ಪಿನಲ್ಲಿ ದಿನಾ ಅವರ ಹಳ್ಳಿಗಾಡಿನ ಕಂಟ್ರಿ ಹಾಡು. ಅರ್ಥ ಕೇಳಿದರೆ ಕಾರು ಕೆಟ್ಟಿತು, ಹೆಂಡತಿ ಬೈದಳು, ಅಷ್ಟೇ. ಅಯ್ಯೋ, ಈ ಎರಡು ವಿಷಯದಲ್ಲಿ ನನಗಿಂತ ಅನುಭವಸ್ಥ ಯಾರು!

ಆಗ ಅಲ್ಲಿ ಹೆಂಗಸರು ಕಾರು ಓಡಿಸುವ ಹಾಗಿರಲಿಲ್ಲ. ನನ್ನ ಹೆಂಡತಿ ಸುಮತಿ ಪಕ್ಕದಲ್ಲಿ ಕೂತು ಬಾಯಲ್ಲೇ ಓಡಿಸುತ್ತಿದ್ದಳು. "ಬ್ರೇಕ್! ಟ್ಯಾಂಕರ್ ಬಂತು! ಎಂತ ನೋಡ್ತೀರಿ?" ಒಂದು ಮಧ್ಯಾಹ್ನ ಅವಳು ಪಕ್ಕದ ಮನೆಗೆ ಹೋದಾಗ, ಫೋರ್‌ಮನ್ನನ ಹಾಡಿನ ಧಾಟಿಯಲ್ಲಿ, ಮೂಗಿನಿಂದಲೇ, ಟೇಪ್‌ರೆಕಾರ್ಡರಿಗೆ ಹಾಡಿಬಿಟ್ಟೆ: "ಸ್ಟಿಯರಿಂಗು ನನ್ನ ಕೈಯಲ್ಲಿ, ಕಾರು ನನ್ನವಳ ಬಾಯಲ್ಲಿ!"

ಆಗೆಲ್ಲ ನಾವು ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಕಳಿಸುತ್ತಿದ್ದೆವು. ಹಾಡುವಾಗ ನನ್ನ ಕೈಗೆ ಸಿಕ್ಕಿದ್ದು ಅಂಥದ್ದೇ ಒಂದು ಕ್ಯಾಸೆಟ್ಟು. ಒಂದು ಬದಿಯಲ್ಲಿ ಸುಮತಿ ತನ್ನಮ್ಮನಿಗೆ ಕ್ಷೇಮಸಮಾಚಾರ ಹೇಳಿದ್ದಳು. ಹಿಂಬದಿಯ ನನ್ನ ಹಾಡನ್ನು ನಾಳೆ ಅಳಿಸಿದರಾಯಿತು ಎಂದುಕೊಂಡೆ. ಮರುದಿನ ನಾನು ಡ್ಯೂಟಿಯಲ್ಲಿದ್ದಾಗ, ರಜೆಯ ಮೇಲೆ ಊರಿಗೆ ಹೊರಟ ಗೆಳೆಯ ಹಮೀದ್ ಮನೆಗೆ ಬಂದ. ಸುಮತಿ ಕ್ಯಾಸೆಟ್ಟು ಕೊಟ್ಟೇಬಿಟ್ಟಳು.

ಸಂಜೆ ನನಗೆ ಗೊತ್ತಾಗುವಷ್ಟರಲ್ಲಿ ಹಮೀದ್ ವಿಮಾನ ಹತ್ತಿಯಾಗಿತ್ತು. ಅತ್ತೆ ನಿವೃತ್ತ ಹೆಡ್‌ಮಿಸ್ಟ್ರೆಸ್. ನಮ್ಮ ಮದುವೆಯ ಫೋಟೋದಲ್ಲೂ ನಗದವರು. ಮಗಳನ್ನು ಲೇವಡಿ ಮಾಡಿದ್ದು ಕೇಳಿದರೆ ಸುಮ್ಮನಿರುತ್ತಾರೆಯೇ? ಸುಮತಿಗೆ ಗೊತ್ತಾದರೆ ನಾನು ಮನೆಯಲ್ಲಿರುತ್ತೇನೆಯೇ? ಒಂದು ತಿಂಗಳು ಪಾತ್ರೆ ತೊಳೆದೆ, ಹೇಳಿದಲ್ಲೆಲ್ಲ ಬ್ರೇಕ್ ಒತ್ತಿದೆ. "ನಿಮಗೆಂತ, ಜ್ವರವಾ?" ಎಂದು ಅವಳು ಹಣೆ ಮುಟ್ಟಿ ನೋಡಿದಳು.

ಹಮೀದ್ ಅದೇ ಕ್ಯಾಸೆಟ್ಟನ್ನು ವಾಪಸು ತಂದ. ಅವನೆದುರೇ ಸುಮತಿ ಹಾಕಿದಳು. ಮೊದಲು ಬಂದದ್ದೇ ನನ್ನ ಮೂಗು! ಅವಳು ನನ್ನತ್ತ ತಿರುಗಿದಳು, ನಾನು ನೆಲ ನೋಡಿದೆ. ಹಾಡು ಮುಗಿದಲ್ಲಿ ಅತ್ತೆಯ ಧ್ವನಿ: "ಅಳಿಯಂದಿರು ಅರ್ಧಕ್ಕೇ ನಿಲ್ಲಿಸಿದ್ದಾರೆ. ಮುಂದಿನದ್ದು ಹೀಗೆ." ಆಮೇಲೆ ಗಂಟಲು ಸರಿಮಾಡಿಕೊಂಡು, ನನ್ನದೇ ಧಾಟಿಯಲ್ಲಿ: "ಅವಳು ಬಾಯಿ ಮುಚ್ಚಿದ ದಿನ, ಕಾರು ಗೊಬ್ಬರದ ಗುಂಡಿಯಲ್ಲಿ!"

ನಿಜವೇ. ಹಿಂದಿನ ರಜೆಯಲ್ಲಿ ಸುಮತಿ ಮುನಿಸಿಕೊಂಡು ಮಾತು ಬಿಟ್ಟಿದ್ದ ಒಂದೇ ಒಂದು ದಿನ, ಮಾವನ ಕಾರನ್ನು ನಾನು ಅಲ್ಲಿಗೇ ಇಳಿಸಿದ್ದೆ. ಕ್ಯಾಸೆಟ್ಟಿನೊಳಗೆ ಅತ್ತೆ ಬಿದ್ದು ಬಿದ್ದು ನಗುತ್ತಿದ್ದರು. ಸುಮತಿ ಕಣ್ಣೊರೆಸಿಕೊಳ್ಳುತ್ತಾ "ಇನ್ನೊಮ್ಮೆ ಹಾಕಿ" ಎಂದಳು. ಸುಳ್ಳು ಯಾಕೆ, ನನಗೂ ಖುಷಿಯೋ ಖುಷಿ.

"ಸೂಪರ್ ಮಾರಾಯ!" ಎಂದು ಹಮೀದ್ ಒಂದು ಪ್ರತಿ ಮಾಡಿಕೊಂಡ. ಅವನಿಂದ ಇನ್ನೊಬ್ಬ, ಅವನಿಂದ ಮತ್ತೊಬ್ಬ. ಜಿದ್ದಾದವರೆಗೆ ನಮ್ಮವರ ಕಾರುಗಳಲ್ಲೆಲ್ಲ ಅದೇ ಹಾಡು. ಅಲ್ಲಿ ಮಂಗಳೂರಿನವರೊಬ್ಬರ ಅಂಗಡಿಗೆ ಹೋದಾಗ ಅವರೂ ಅದನ್ನೇ ಗುನುಗುತ್ತಿದ್ದರು. ತಡೆಯಲಾರದೆ, ಎದೆಯುಬ್ಬಿಸಿ, "ಅದು ನನ್ನ ಹಾಡು" ಎಂದೆ.

ಅವರು ಧಡಕ್ಕನೆ ಎದ್ದು ಕೈ ಕುಲುಕಿದರು. "ಹೌದಾ! ಗುಂಡಿಗೆ ಇಳಿಸಿದ್ದು ನೀವಾ? ಅಲ್ಲ, ನಿಮ್ಮ ಅತ್ತೆಯವರ ಹೊಸ ಹಾಡು ಯಾವಾಗ ಬರ್ತದೆ?"