ನಕ್ಷತ್ರಮೀನಿನ ಗೂನು ಬೆನ್ನು ತಿದ್ದಲು ಹೋಗಿ

ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ನಕ್ಷತ್ರಮೀನಿನ ವಿಷಯದಲ್ಲಂತೂ ಇಡೀ ಕುಂದಾಪುರ ತಾಲೂಕಿಗೆ ನಾನೇ ತಜ್ಞ ಎಂದು ನಂಬಿದ್ದೆ. ಜೀವಂತ ನಕ್ಷತ್ರಮೀನನ್ನು ನೋಡಿರಲಿಲ್ಲ, ಅಷ್ಟೇ! "ಮೊಟ್ಟೆಯನ್ನು ನೀರಿಗೆ ಬಿಟ್ಟು ಹೋಗುತ್ತದೆ, ಮಕ್ಕಳ ಚಿಂತೆ ಅದಕ್ಕಿಲ್ಲ" ಎಂದು ಹದಿನೈದು ವರ್ಷ ಪಾಠ ಮಾಡಿದ್ದೆ.

ನಮ್ಮ ಮನೆಗೆ ಮೀನು ತರುವ ಗಿರಿಜಕ್ಕನ ಗಂಡ ಆಳಸಮುದ್ರದ ಬೋಟಿಗೆ ಹೋಗುವವರು. ತರಗತಿಯಲ್ಲಿ ತೋರಿಸಲು ಒಂದು ಜೀವಂತ ನಕ್ಷತ್ರಮೀನು ಬೇಕೆಂದು ದುಂಬಾಲು ಬಿದ್ದೆ. ಒಂದು ಬೆಳಿಗ್ಗೆ ಗಿರಿಜಕ್ಕ ಅದನ್ನು ಪಾತ್ರೆಯಲ್ಲಿ, ತಣ್ಣನೆಯ ಸಮುದ್ರದ ನೀರಿನ ಸಮೇತ ತಂದೇ ಬಿಟ್ಟರು.

"ಜೀವ ಇತ್ತ್ ಮಾಷ್ಟ್ರೆ, ಜೋಪಾನ" ಎಂದು ಹೇಳಿ ಪಕ್ಕದ ಮನೆಗೆ ಹೋದರು.

ಆಳದ ಪ್ರಾಣಿಗೆ ತಂಪು ಬೇಕಲ್ಲ! ಪಾತ್ರೆಯನ್ನು ಫ್ರಿಜ್ಜಿನೊಳಗಿಟ್ಟೆ.

"ಹಾಲ್ ಇಡುಕೆ ಜಾಗ ಇಲ್ಲೆ, ನಿಮ್ಮ್ ನಕ್ಷತ್ರಕ್ಕೆ ಫ್ರಿಜ್ಜಾ?" ಹೆಂಡತಿ ಶಾರದೆ ಗುಡುಗಿದಳು.

"ವಿಜ್ಞಾನದ ಕೆಲ್ಸ, ಸುಮ್ನಿರ್" ಎಂದೆ. ಅಂದು ನನಗೆ ಚಹಾ ಸಿಗಲಿಲ್ಲ.

ಸ್ವಲ್ಪ ಹೊತ್ತಿಗೆ ತೆಗೆದು ನೋಡಿದರೆ ಪ್ರಾಣಿ ಬೆನ್ನು ಗೂನು ಮಾಡಿಕೊಂಡು ಕೂತಿದೆ. ಪುಸ್ತಕದ ಚಿತ್ರದಲ್ಲಿ ಚಪ್ಪಟೆ! ಪುಸ್ತಕ ತಪ್ಪಾಗಲು ಸಾಧ್ಯವೇ? ಬೆರಳಿನಿಂದ ಒತ್ತಿದೆ. ಜಪ್ಪಯ್ಯ ಎನ್ನಲಿಲ್ಲ. ದೋಸೆ ಸಟ್ಟುಗ ತಂದು ಅದರ ಅಡಿಗೆ ತೂರಿಸಿದೆ. ಪುಳಪುಳನೆ ಏನೋ ಉದುರಿತು.

"ಅಯ್ಯೋ, ಹುಳ ಹಿಡ್ದಿತ್ತ್!" ಎಂದು ಕೂಗಿ, ಚಹಾ ಸೋಸುವ ಜರಡಿಯಲ್ಲಿ ಅವನ್ನೆಲ್ಲ ಬಾಚಿದೆ. ಹಿತ್ತಲಿಗೆ ಎಸೆಯಬೇಕು, ಅಷ್ಟರಲ್ಲಿ ಕೂಗು ಕೇಳಿ ಗಿರಿಜಕ್ಕ ಓಡಿ ಬಂದರು.

"ಹ್ವಾಯ್ ಮಾಷ್ಟ್ರೆ, ಬಿಸಾಡ್ಬೇಡಿ! ಒಂದೊಂದಕ್ಕೆ ಕೈ ಎಷ್ಟಿತ್ತ್, ಎಣ್ಸಿ ಕಾಣಿ."

ಕನ್ನಡಕ ಹಾಕಿ ಎಣಿಸಿದೆ. ಐದು. ಇನ್ನೊಂದಕ್ಕೂ ಐದು!

"ಮರಿಗಳಾ?"

"ಮತ್ತೆಂತ? ತಾಯಿ ಮಕ್ಳನ್ನ ಹೊಟ್ಟಿ ಅಡಿಗೆ ಇಟ್ಕಂಡ್ ಕೂಕಂಡ್ರೆ, ನೀವ್ ಸಟ್ಟುಗ ಹಾಕುದಾ?"

ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಯಿತು, ಒಂದು ಸಂಸಾರವನ್ನೇ ಮುಗಿಸಿಬಿಟ್ಟೆನೇ ಎಂದು. ಗಿರಿಜಕ್ಕ ಜರಡಿಯನ್ನು ಮೆಲ್ಲಗೆ ನೀರಿಗಿಳಿಸಿ ಮರಿಗಳನ್ನು ತಾಯಿಯ ಪಕ್ಕ ಬಿಟ್ಟರು. ಒಂದೊಂದೇ ತೆವಳಿ ಅಡಿಗೆ ಸೇರಿಕೊಂಡವು. ನನ್ನ ಕಣ್ಣು ಒದ್ದೆಯಾಯಿತು. ಸಂಜೆಯ ಬೋಟಿನಲ್ಲಿ ತಾಯಿ-ಮರಿಗಳನ್ನು ಗಂಡನ ಕೈಯಲ್ಲಿ ವಾಪಸು ಕಳಿಸಿದ್ದೂ ಅವರೇ. ತಾಯಿ ಮರಿಗಳನ್ನು ಅಪ್ಪಿಕೊಂಡೇ ನೀರಿಗಿಳಿಯಿತಂತೆ. ಗಿರಿಜಕ್ಕನಿಗೆ ಮನಸಾರೆ ಕೈಮುಗಿದೆ.

ಆಮೇಲೆ ಗ್ರಂಥಾಲಯದಲ್ಲಿ ಓದಿದೆ: ಆಳದ ತಣ್ಣೀರಿನ ಕೆಲವು ಜಾತಿಯವು ಹೀಗೆಯೇ ಮರಿಗಳನ್ನು ಹೊಟ್ಟೆಯಡಿಯ ಬಾಯಿಯ ಕೆಳಗಿಟ್ಟುಕೊಂಡು ಉಪವಾಸ ಕೂರುತ್ತವಂತೆ.

ತರಗತಿಯಲ್ಲಿ ತಪ್ಪೊಪ್ಪಿಕೊಂಡು, ಗಿರಿಜಕ್ಕನನ್ನೇ ಕರೆಸಿ ಮಾತಾಡಿಸಿದೆ. ಅರ್ಧ ಗಂಟೆ ಒಬ್ಬರೂ ಆಕಳಿಸಲಿಲ್ಲ. ಕೊನೆಗೆ ಒಬ್ಬಳು ಹುಡುಗಿ ಎದ್ದು ನಿಂತಳು.

"ಸರ್, ನಾಳೆಯಿಂದ ಇವ್ರೇ ಪಾಠ ಮಾಡ್ಲಕ್ಕಾ?"

ಇಡೀ ತರಗತಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ!