ಮದುವೆ ಮಂಟಪದ ಕೆಳಗಿನ ನಾಲಾ

ಬಡಾವಣೆ ಪರವಾನಗಿ ವಿಭಾಗದ ತಾಂತ್ರಿಕ ಪರಿಶೀಲಕರ ಸನ್ನಿಧಿಗೆ,

ಮಾನ್ಯರೇ,

ಗೋಕಾಕ ಬಸ್ ನಿಲ್ದಾಣದ ಬಾಜೂ ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಕಚೇರಿ ಇಟ್ಟುಕೊಂಡಿರುವ ಸಿವಿಲ್ ಎಂಜಿನಿಯರ್ ಸಂಘಮಿತ್ರಾ ಮಾಡುವ ಸವಿನಯ ವಂದನೆಗಳು. ತಾವು ಆರೋಗ್ಯದಿಂದಿದ್ದೀರಿ ಎಂದು ನಂಬಿದ್ದೇನೆ; ತಮ್ಮ ಕೆಂಪು ಪೆನ್ನು ಆರೋಗ್ಯದಿಂದಿದೆ ಎಂಬುದಂತೂ ನಿನ್ನೆ ಮತ್ತೆ ವಾಪಸು ಬಂದ ನನ್ನ ವರದಿಯಿಂದ ಖಾತ್ರಿಯಾಗಿದೆ.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮಷ್ಟು ತಿಳಿವಳಿಕೆ ಇಲ್ಲದ ಓದುಗರಿಗಾಗಿ ನನ್ನ ಉದ್ಯೋಗವನ್ನು ತುಸು ವಿವರಿಸಲು ಅಪ್ಪಣೆಯಾಗಬೇಕು. ಹೊಲವೊಂದು ಪ್ಲಾಟುಗಳಾಗುವ ಮುನ್ನ, ಅಲ್ಲಿ ಮುಂದೆ ಬಂದು ಇರುವವರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕರೆಂಟು ಯಾವ ಕಂಬದಿಂದ ಇಳಿಯುತ್ತದೆ, ಬಚ್ಚಲ ನೀರು ಮತ್ತು ಮಳೆಯ ನೀರು ಎಲ್ಲಿಗೆ ಹೋಗುತ್ತವೆ ಎಂದು ಲೆಕ್ಕ ಹಾಕಿ ಬರೆದು ಸಹಿ ಮಾಡುವವಳು ನಾನು. ಬರುವ ನೀರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೋಗುವ ನೀರಿನ ಬಗ್ಗೆ ಕೇಳುವವರು ತಾವೊಬ್ಬರೇ, ಅದಕ್ಕಾಗಿ ತಮ್ಮ ಮೇಲೆ ನನಗೆ ಮೊದಲಿನಿಂದಲೂ ಗೌರವ.

ಮೂಡಲಗಿಯ ಯಲ್ಲಪ್ಪ ಕಾಕಾ ಬೇಸಿಗೆಯ ಆರಂಭದಲ್ಲಿ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಅರಿಸಿನ, ಗೋವಿನಜೋಳದ ವ್ಯಾಪಾರ ಮಾಡಿಕೊಂಡಿರುವ ಗಟ್ಟಿ ಮನುಷ್ಯ. ಮಸಗುಪ್ಪಿ ರಸ್ತೆಯ ಏರಿನಲ್ಲಿರುವ ತಮ್ಮ ಹೊಲವನ್ನು ಬಡಾವಣೆ ಮಾಡುವ ಆಸೆ ಅವರಿಗೆ. "ಸಾಲಿ ಮಾಸ್ತರು, ನರ್ಸಬಾಯಿ, ಇಂಥಾ ಮಂದಿ ಬಂದು ಮನಿ ಕಟ್ಲಿ ಅಂತ ಐತಿ ನನ್ನ ಮನಸ್ಸಿನ್ಯಾಗ. ಒಂದು ಚಲೋ ರಿಪೋರ್ಟ್ ಬರದು ಕೊಡ್ರಿ ಮೇಡಮ್" ಎಂದರು. ನಾನು ಒಪ್ಪಿಕೊಂಡೆ.

ತಮ್ಮ ಕಚೇರಿಯ ನಕ್ಷೆಯ ಪ್ರಕಾರ ಆ ಹೊಲದ ತಗ್ಗಿನ ಮೂಲೆಗೆ ಹತ್ತಿಕೊಂಡೇ ಒಂದು ನಾಲಾ ನೀಲಿ ಗೆರೆಯಾಗಿ ಹರಿಯುತ್ತದೆ. ನಾನು ಹೋಗಿ ನೋಡಿದಾಗ ಅಲ್ಲಿ ಹರಿಯುತ್ತಿದ್ದುದು ಸನಾಯಿಯ ನಾದ ಮಾತ್ರ, ಏಕೆಂದರೆ ನಾಲಾ ಇರಬೇಕಾದ ಜಾಗದ ಮೇಲೆ ಯಾರೋ ಪುಣ್ಯಾತ್ಮರು ಕಲ್ಯಾಣ ಮಂಟಪ ಕಟ್ಟಿಸಿ ಗುಲಾಬಿ ಬಣ್ಣ ಹೊಡೆಸಿದ್ದರು. ಮಂಟಪದ ಹಿಂದೆ, ಇನ್ನೂ ತಗ್ಗಿನಲ್ಲಿ, ಒಂದು ಓಣಿ ಇದೆ. ಬೆಲ್ಲದ ಬಾಗೇವಾಡಿಯಲ್ಲಿ ನಾನು ಹುಟ್ಟಿ ಬೆಳೆದದ್ದೂ ಅಂಥದೇ ಓಣಿಯಲ್ಲಿ. ಬಾಗಿಲ ಮೇಲೆ ಬುದ್ಧನ ಪಟ, ಒಳಗೆ ಹೊಲಗೆಲಸಕ್ಕೆ ಹೋಗುವ ತಾಯಿ, ನೌಕರಿಗೆ ಹೋಗುವ ಮಗಳು. ಅಲ್ಲಿ ಇಂದ್ರವ್ವ ಎಂಬವರು ತಮ್ಮ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾರೆ. ನನ್ನ ಅಳತೆಯ ಟೇಪು ನೋಡಿ ಅವರು ಹೊರಗೆ ಬಂದರು.

"ಮ್ಯಾಲಿನ ಹೊಲದಾಗ ಮನಿ ಆಗ್ತಾವಂತಲ್ರಿ, ಖರೇನು? ದೊಡ್ಡ ಮಳಿ ಆದ್ರ ಈಗನ ನಾವು ಮಷೀನ್ ಕಾಟಿನ ಮ್ಯಾಲ ಏರಸ್ತೀವಿ. ಇನ್ನ ಅಲ್ಲೆ ಸಿಮೆಂಟ್ ಬಿತ್ತಂದ್ರ ನಮ್ಮನ್ನ ಎಲ್ಲೆ ಏರಸೋದು?"

ನನ್ನ ಲೆಕ್ಕವೂ ಅದನ್ನೇ ಹೇಳಿತು. ಹೊಲದ ಮಣ್ಣು ಕುಡಿಯುವ ನೀರನ್ನು ತಾರಸಿ ಮತ್ತು ಡಾಂಬರು ಕುಡಿಯುವುದಿಲ್ಲ; ಅಷ್ಟೂ ನೀರು ಇಳಿದು ಈ ಓಣಿಗೇ ಬರುತ್ತದೆ. ಆದ್ದರಿಂದ ನಾನು, ನಾಲಾ ಸ್ಥಳದಲ್ಲಿ ಇಲ್ಲ, ಯಲ್ಲಪ್ಪನವರು ತಮ್ಮ ಹೊಲದ ತಗ್ಗಿನ ಅಂಚಿನಲ್ಲೇ ಒಂದು ಸಾಲು ಪ್ಲಾಟುಗಳನ್ನು ಬಿಟ್ಟುಕೊಟ್ಟು, ಅಲ್ಲಿ ಹೊಸ ಗಟಾರ ತೆಗೆದು, ರಸ್ತೆಯ ಮೋರಿಯ ಕೆಳಗಿಂದ ಆಚೆಯ ಹಳ್ಳಕ್ಕೆ ಕೂಡಿಸಬೇಕು ಎಂದು ಬರೆದು ತಮಗೆ ಸಲ್ಲಿಸಿದೆ.

ತಾವು ವರದಿಯನ್ನು ಹಿಂತಿರುಗಿಸಿ, "ನಕ್ಷೆಯಲ್ಲಿರುವ ನಾಲಾವನ್ನು ತೋರಿಸದಿರುವುದಕ್ಕೆ ಸಮಜಾಯಿಷಿ ನೀಡುವುದು" ಎಂದು ಬರೆದಿರಿ. ನಾನು ಮಂಟಪದ ಛಾಯಾಚಿತ್ರ ಕಳಿಸಿದೆ. "ಛಾಯಾಚಿತ್ರದಲ್ಲಿ ಕಲ್ಯಾಣ ಮಂಟಪ ಅಡ್ಡ ಬಂದಿರುತ್ತದೆ. ನಾಲಾ ಸ್ಪಷ್ಟವಾಗಿ ಕಾಣುವಂತೆ ಇನ್ನೊಂದು ಛಾಯಾಚಿತ್ರ ಸಲ್ಲಿಸುವುದು" ಎಂದು ಬರೆದಿರಿ. ಈ ವಾಕ್ಯವನ್ನು ನಾನು ಕಚೇರಿಯ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಬೇಸರವಾದಾಗ ಓದಿಕೊಂಡರೆ ಹಗುರವಾಗುತ್ತದೆ. ಕೊನೆಗೆ ನಾನೇ ತಮ್ಮ ಟೇಬಲ್ಲಿನ ಮುಂದೆ ಬಂದು ನಿಂತಾಗ ತಾವು ಚಹಾ ತರಿಸಿ, ಬಹಳ ಪ್ರೀತಿಯಿಂದ ಹೇಳಿದಿರಿ: "ನೋಡ್ರಿ ತಂಗಿ, ನಕ್ಷೆ ಸರ್ಕಾರದ್ದು ಐತಿ, ಮಂಟಪ ಖಾಸಗಿ ಐತಿ. ನಾ ಯಾರ ಮಾತ ಕೇಳ್ಲಿ?"

ಇಂಥ ನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದ್ದರಿಂದಲೇ ಕೇಳಿಕೊಳ್ಳುತ್ತೇನೆ, ಮಸಗುಪ್ಪಿ ರಸ್ತೆಯ ಮೇಲೆ ಸುರಿಯುವ ಮಳೆಗೂ ಆ ನಕ್ಷೆಯ ದೃಢೀಕೃತ ಪ್ರತಿಯೊಂದನ್ನು ತಲುಪಿಸಿ, ಇನ್ನು ಮುಂದೆ ಮಂಟಪವನ್ನು ಲೆಕ್ಕಿಸದೆ ನೀಲಿ ಗೆರೆಯ ಮೇಲೆಯೇ ಹರಿಯತಕ್ಕದ್ದು ಎಂದು ಸೂಚನೆ ಕೊಡಿಸುವ ಕೃಪೆಯಾಗಬೇಕು.

ಅಷ್ಟರಲ್ಲಿ ಯಲ್ಲಪ್ಪ ಕಾಕಾನ ತಾಳ್ಮೆ ತೀರಿತ್ತು. "ನಾಲಾ ಐತಿ ಅಂತ ಸಾಹೇಬ್ರ ಹೇಳಾಕತ್ತಾರ. ನಿಮ್ಮದೊಂದು ಗೆರಿ ಎಳ್ಯಾಕ ಏನ ತ್ರಾಸ?" ಎಂದರು. "ಕಾಕಾ, ಆ ಗೆರಿ ಎಳದ್ರ ನೀರು ಇಂದ್ರವ್ವನ ಮನಿಗೆ ಹೋಗ್ತೈತಿ. ನನ್ನ ಸಹಿ ಆಗಂಗಿಲ್ರಿ" ಎಂದೆ. ಅವರು ಕಾಗದಪತ್ರಗಳನ್ನು ಎತ್ತಿಕೊಂಡು ಕಿಶೋರ ಎಂಬ ಇನ್ನೊಬ್ಬ ಎಂಜಿನಿಯರನ ಬಳಿಗೆ ಹೋದರು. ಕಿಶೋರ ಸಂಜೆಯೊಳಗೆ ನೀಲಿ ಗೆರೆ ಎಳೆದುಕೊಟ್ಟನಂತೆ. ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ. ಕೆಲಸ ಹೋದದ್ದಕ್ಕಿಂತ, ನನ್ನ ಹಟದಿಂದ ಓಣಿಗೆ ಬರುವ ನೀರಿನಲ್ಲಿ ಒಂದು ಹನಿಯೂ ತಪ್ಪಲಿಲ್ಲವಲ್ಲ ಎಂಬುದು ಕೊರೆಯುತ್ತಿತ್ತು.

ಯಲ್ಲಪ್ಪ ಕಾಕಾ ಮುನಿಸು ಮರೆಯುವವರಲ್ಲ, ಆದರೆ ಆಮಂತ್ರಣ ಮರೆಯುವವರೂ ಅಲ್ಲ. ಅವರ ತಮ್ಮನ ಮಗಳ ಮದುವೆಗೆ ನನ್ನನ್ನೂ ಕರೆದರು, ತಮ್ಮನ್ನೂ ಕರೆದರು. ಮದುವೆ ಅದೇ ಗುಲಾಬಿ ಮಂಟಪದಲ್ಲಿ. ಅಕ್ಷತೆ ಬೀಳುವವರೆಗೆ ಆಕಾಶ ಸುಮ್ಮನಿತ್ತು. ಊಟದ ಪಂಕ್ತಿ ಕುಳಿತು, ತಮ್ಮ ಎಲೆಗೆ ಗೋಧಿ ಹುಗ್ಗಿ ಬಿದ್ದು, ಅದರ ಮೇಲೆ ತುಪ್ಪ ಬೀಳುವಷ್ಟರಲ್ಲಿ ಅಕಾಲದ ಅವಕಾಳಿ ಮಳೆ ಹಿಡಿಯಿತು. ಮೊದಲು ಮುಂಬಾಗಿಲಿನಿಂದ ಒಂದು ಕೆಂಪು ನಾಲಗೆಯಷ್ಟು ನೀರು ಒಳಗೆ ಬಂತು. ಆಮೇಲೆ ಏರಿನ ಹೊಲದ ನೀರೆಲ್ಲ ಬಂಧುಬಳಗದ ಹಾಗೆ ನುಗ್ಗಿತು. ತಾವು ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಲುಗಳನ್ನು ಕುರ್ಚಿಯ ಮೇಲೆ ಮಡಿಸಿ, ತಪಸ್ವಿಯಂತೆ ಊಟ ಮುಂದುವರಿಸಿದ್ದನ್ನು ನಾನು ಎದುರು ಸಾಲಿನಿಂದ ಭಕ್ತಿಯಿಂದ ನೋಡಿದೆ. ತಮ್ಮ ಮಾತೇ ನಿಜವಾಗಿತ್ತು. ನಾಲಾ ಸ್ಥಳದಲ್ಲಿಯೇ ಇತ್ತು, ಸ್ಪಷ್ಟವಾಗಿ ಕಾಣುತ್ತಲೂ ಇತ್ತು.

ತಾವು ಹಾಗೆ ಕುಳಿತಿರುವಾಗ ನೀರು ಹಿಂಬಾಗಿಲಿನಿಂದ ಓಣಿಗೆ ಇಳಿಯಿತು. ನಾನು ಸೀರೆ ಎತ್ತಿಕಟ್ಟಿಕೊಂಡು ಓಡಿದೆ. ಹಿಂದೆ ಯಾರೋ ನೀರು ಬಡಿಯುತ್ತ ಬರುವ ಸದ್ದಾಯಿತು. ತಿರುಗಿದರೆ ಯಲ್ಲಪ್ಪ ಕಾಕಾ, ಜರಿಯ ರುಮಾಲು ಕೈಯಲ್ಲಿ. ಇಂದ್ರವ್ವನ ಪಡಸಾಲೆಯಲ್ಲಿ ಮಷೀನುಗಳು ಕಾಟಿನ ಮೇಲಿದ್ದವು. ಸಂಜೆಯ ಆರತಕ್ಷತೆಗೆಂದು ಹೊಲಿದ ಯಾರದೋ ಕುಪ್ಪಸಗಳನ್ನು ಹುಡುಗಿಯರು ತಲೆಯ ಮೇಲೆ ಹಿಡಿದು ನಿಂತಿದ್ದರು. ಇಂದ್ರವ್ವ ಕಾಕಾನನ್ನು ಗುರುತಿಸಿ, "ನಿಮ್ಮ ಮನಿಯವ್ರ ಕುಪ್ಪಸ ತೊಯ್ದಿಲ್ರಿ ಅಣ್ಣಾರ, ತೆಗದ ಇಟ್ಟೇವಿ" ಎಂದಷ್ಟೇ ಹೇಳಿದರು. ಕಾಕಾ ಬಾಗಿಲಲ್ಲೇ ನಿಂತರು. ರುಮಾಲು ಹಿಂಡುತ್ತ ನನ್ನತ್ತ ತಿರುಗಿ, "ಈಗ ಬರೇ ಹೊಲ ಐತಿ, ಇಷ್ಟ ನೀರು. ಮನಿ ಆದ ಮ್ಯಾಲ?" ಎಂದು ಕೇಳಿದರು. "ಇದರ ದುಪ್ಪಟ್ಟಿಗೂ ಹೆಚ್ಚು, ಕಾಕಾ" ಎಂದೆ.

ಮದುವೆಯ ಚಪ್ಪರ ಬಿಚ್ಚಿದ ಕೂಡಲೇ ಅವರು ನನ್ನ ಕಚೇರಿಗೆ ಬಂದು ಇನ್ನೂ ಸಲ್ಲಿಸದಿದ್ದ ಕಿಶೋರನ ವರದಿಯನ್ನು ಹರಿದು ಬುಟ್ಟಿಗೆ ಹಾಕಿದರು. "ಆ ಪ್ಲಾಟಿನ ಸಾಲು ಹೋಗ್ಲಿ. ಗಟಾರ ತೆಗೀರಿ" ಎಂದರು. ನಾನು ಹೊಸ ಗಟಾರದ ಪೂರ್ಣ ವಿನ್ಯಾಸದೊಂದಿಗೆ ವರದಿಯನ್ನು ಪುನಃ ಸಲ್ಲಿಸಿದೆ. ಅದೇ ನಿನ್ನೆ ಬಂದದ್ದು. ತಮ್ಮ ಷರಾ ಹೀಗಿದೆ: "ಸದರಿ ಗಟಾರ ನಕ್ಷೆಯಲ್ಲಿ ಕಂಡುಬರುವುದಿಲ್ಲ."

ತಾವು ಬಾಗುವವರಲ್ಲ ಎಂಬುದು ನನಗೆ ಹೆಮ್ಮೆ. ಆದರೆ ಯಲ್ಲಪ್ಪ ಕಾಕಾ ತಮ್ಮ ಅಪ್ಪಣೆಗೆ ಕಾಯಲಿಲ್ಲ ಎಂಬುದನ್ನು ವಿಷಾದದಿಂದ ತಿಳಿಸುತ್ತೇನೆ. "ಬಡಾವಣಿಗೆ ಪರವಾನಗಿ ಬೇಕು, ಖರೆ. ನನ್ನ ಹೊಲದಾಗ ನಾ ಕಾಲಿವಿ ತೋಡಾಕ ಯಾರನ್ನ ಕೇಳ್ಬೇಕು?" ಎಂದವರೇ, ನಾನು ಗೂಟ ಹೊಡೆದ ಕಡೆ ಜೆಸಿಬಿ ತರಿಸಿ ಹಳ್ಳದವರೆಗೆ ಕಾಲುವೆ ತೋಡಿಸಿಬಿಟ್ಟಿದ್ದರು. ಮೊನ್ನೆ ಜೋರು ಮಳೆ ಬಂತು. ನಾನು ಕೊಡೆ ಹಿಡಿದು ಹೋಗಿ ನೋಡಿದೆ. ನೀರು ಗೂಟಗಳ ಗುಂಟ ಸದ್ದು ಮಾಡುತ್ತ ಹಳ್ಳ ಸೇರಿತು. ಓಣಿಯಲ್ಲಿ ಮಷೀನುಗಳು ನೆಲದ ಮೇಲೆಯೇ ನಿಂತು ಟಕಟಕ ಎನ್ನುತ್ತಿದ್ದವು. ಇಂದ್ರವ್ವ ಬಾಗಿಲಿಗೆ ಬಂದು, "ಹೊರಗ ಯಾಕ ನಿಂತೀರಿ, ಒಳಗ ಬರ್ರಿ, ಒಣಾ ಐತಿ" ಎಂದರು. ಆ ಮಾತಿಗೆ ನನ್ನ ಕಣ್ಣು ತುಂಬಿದ್ದನ್ನು ವರದಿಯ ಯಾವ ಅಧ್ಯಾಯದಲ್ಲಿ ಸೇರಿಸಬೇಕೆಂದು ದಯವಿಟ್ಟು ತಿಳಿಸಿರಿ.

ಪರವಾನಗಿ ಯಾವಾಗ ಬಂದರೂ ಸರಿ, ಕಾಯುತ್ತೇವೆ. ನೀರು ಮಾತ್ರ ಕಾಯಲಿಲ್ಲ, ಅದರ ಅವಿಧೇಯತೆಯನ್ನು ಮನ್ನಿಸಬೇಕು.

ತಮ್ಮ ಮುಂದಿನ ಷರಾದ ನಿರೀಕ್ಷೆಯಲ್ಲಿರುವ
ತಮ್ಮ ವಿಶ್ವಾಸಿ,
ಸಂಘಮಿತ್ರಾ

ತಾ.ಕ.: ಮದುವೆಯ ದಿನ ಊಟದ ಮನೆಯ ಹೊರಗೆ ತಾವು ಬಿಟ್ಟಿದ್ದ ಕಂದು ಚಪ್ಪಲಿಗಳಲ್ಲಿ ಎಡಗಾಲಿನದು ಇಂದ್ರವ್ವನ ಅಂಗಳದಲ್ಲಿ ಸಿಕ್ಕಿದೆ. ತೊಳೆದು ಒಣಗಿಸಿ ಇಟ್ಟಿದ್ದಾರೆ. ಯಾವ ನಕ್ಷೆಯ ನೆರವೂ ಇಲ್ಲದೆ ಅದು ಅಲ್ಲಿಗೆ ಹೇಗೆ ತಲುಪಿತು ಎಂಬುದನ್ನು ತಾವೇ ಖುದ್ದಾಗಿ ಬಂದು ಪರಿಶೀಲಿಸಿ, ಸಮಜಾಯಿಷಿ ಪಡೆದು, ಕಾಲಿಗೆ ಹಾಕಿಕೊಂಡು ಹೋಗಬೇಕಾಗಿ ವಿನಂತಿ.