ಬೆಣ್ಣೆ ತಪ್ಪಿಸಿದ ಕೈಗಡಿಯಾರಕ್ಕೆ

ಮಾನ್ಯ ಕೈಗಡಿಯಾರ ಮಹಾಶಯರೇ,

ದುರ್ಗದಬೈಲಿನ ಕಾಳುಕಡಿ ವ್ಯಾಪಾರಿ ಕುಬೇರಪ್ಪನ ಸವಿನಯ ನಮಸ್ಕಾರಗಳು. ಮಗಳು ಭಾಗ್ಯಶ್ರೀ ತಮ್ಮನ್ನು ನನ್ನ ಕೈಗೆ ಕಟ್ಟಿದಂದಿನಿಂದ ನನ್ನ ನಿದ್ದೆ, ನಡಿಗೆ, ಎದೆಬಡಿತಗಳ ಮೇಲೆ ತಾವು ಇಟ್ಟಿರುವಷ್ಟು ನಿಗಾವನ್ನು ಹೆತ್ತವರೂ ಇಟ್ಟಿರಲಿಲ್ಲವಾದ್ದರಿಂದ, ದೂರಿಗೆ ಮೊದಲು ಧನ್ಯವಾದ ಹೇಳುವುದು ನನ್ನ ಧರ್ಮ.

ತಮಗೆ ತಿಳಿದಿರುವಂತೆ, ನನ್ನ ಹೊಟ್ಟೆ ಕಂಡು ಡಾಕ್ಟರರು ಹೌಹಾರಿದ ಮೇಲೆ ನನ್ನ ಹೆಂಡತಿ ಚನ್ನಬಸವ್ವ ಒಂದು ಕಾಯಿದೆ ಮಾಡಿದ್ದಾಳೆ: ಯೋಗದಲ್ಲಿ ಸಾಕಷ್ಟು ಕ್ಯಾಲೊರಿ ಕರಗಿತೆಂದು ತಾವು ಒಪ್ಪಿದ ದಿನ ಮಾತ್ರ ನನ್ನ ರೊಟ್ಟಿಗೆ ಬೆಣ್ಣೆ. ಬಿಸಿ ಜೋಳದ ರೊಟ್ಟಿಯನ್ನು ಬೆಣ್ಣೆಯಿಲ್ಲದೆ ತಿನ್ನುವ ದುಃಖ, ಬ್ಯಾಟರಿಯ ಮೇಲೆ ಬದುಕುವ ತಮ್ಮಂಥವರಿಗೆ ಅರ್ಥವಾಗಲಿಕ್ಕಿಲ್ಲ. ಆ ಬೆಣ್ಣೆಗಾಗಿಯೇ ನಾನು ಪವರ್ ಯೋಗದ ಕ್ಲಾಸಿಗೆ ಸೇರಿ, ಐಶ್ವರ್ಯಾ ಮೇಡಂ ಜಿಗಿಯಿರಿ ಎಂದಾಗ ಜಿಗಿದು, ಬಾಗಿರಿ ಎಂದಾಗ ಬಾಗಿ, ಸೂರ್ಯನೇ ಸಾಕೆನ್ನುವಷ್ಟು ನಮಸ್ಕಾರ ಹಾಕಿ, ಪಕ್ಕದವರ ಮ್ಯಾಟಿಗೂ ಬೆವರು ಹರಿಸಿದೆ. ತಾವು ದಿನವೂ ಕೊಟ್ಟ ತೀರ್ಪು ಒಂದೇ: 'ಲಘು ಚಟುವಟಿಕೆ'.

ಕಳೆದ ಭಾನುವಾರ ಮಾತ್ರ ತಮ್ಮ ಕೃಪೆಯಾಯಿತು. ಕ್ಲಾಸಿನಿಂದ ಬಂದು ತಮ್ಮನ್ನು ಬಿಚ್ಚಿಟ್ಟು, ಸ್ನಾನ, ಲಿಂಗಪೂಜೆ ಮುಗಿಸಿ ಮತ್ತೆ ಕಟ್ಟಿಕೊಂಡು ನೋಡಿದರೆ, 'ಅತಿ ಕಠಿಣ ಯೋಗ' ಎಂಬ ಪ್ರಶಸ್ತಿ, ಜೊತೆಗೆ ಪಟಾಕಿಯ ಚಿತ್ರ. ಹಿಗ್ಗಿನಿಂದ ಬೆಣ್ಣೆ ಹಾಕಿಸಿಕೊಂಡು ಉಂಡೆ, ಪ್ರಶಸ್ತಿಯ ಫೋಟೋವನ್ನು ಕ್ಲಾಸಿನ ಗ್ರೂಪಿಗೂ ಕಳಿಸಿದೆ. ಮರುದಿನ ಮೇಡಂ ನನ್ನನ್ನು ಎಲ್ಲರೆದುರು ನಿಲ್ಲಿಸಿ, ಆ ಕಠಿಣ ಆಸನ ಯಾವುದೆಂದು ತೋರಿಸಲು ಕೋರಿದರು. ಏನೋ ಒಂದು ತೋರಿಸಲು ಹೋಗಿ ಅಂಗಾತ ಬಿದ್ದು, ಸೊಂಟ ಹಿಡಿದುಕೊಂಡು ಮನೆಗೆ ಬಂದೆ.

ಆಗ ಚನ್ನಬಸವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕು ನಿಜ ಬಿಚ್ಚಿದಳು. ಭಾನುವಾರ ನಾನು ಯೋಗದ ಎಣಿಕೆ ನಿಲ್ಲಿಸುವುದನ್ನು ಮರೆತು ಬಚ್ಚಲಿಗೆ ಹೋದಾಗ, ತನ್ನ ಕೈಗೆ ಹೇಗೆ ಒಪ್ಪುತ್ತದೆಂದು ನೋಡಲು ತಮ್ಮನ್ನು ಕಟ್ಟಿಕೊಂಡವಳು, ಹಾಗೆಯೇ ಬೀಗರಿಗಾಗಿ ರೊಟ್ಟಿ ಬಡಿಯಲು ಕೂತು, ನನ್ನ ಪೂಜೆ ಮುಗಿಯುವಷ್ಟರಲ್ಲಿ ತಮ್ಮನ್ನು ಮತ್ತೆ ಬಿಚ್ಚಿಟ್ಟಿದ್ದಳಂತೆ.

"ಅದು ನಂದರಿ ಯೋಗ. ಬೆಣ್ಣಿ ಬೇಕಂದ್ರ ನಾಳಿಂದ ರೊಟ್ಟಿ ನೀವ ಬಡೀರಿ," ಅಂದಳು.

ಇಷ್ಟು ವರ್ಷ ಆ ಯೋಗದ ಫಲವನ್ನು ಕೂತು ತಿಂದವನಿಗೆ ನಾಚಿಕೆಯೇನೋ ಆಯಿತು, ಆದರೆ ನಾಚಿಕೆಯಿಂದ ಕ್ಯಾಲೊರಿ ಕರಗುವುದಿಲ್ಲ. ಆದ್ದರಿಂದ ಚೀಲದ ಮೇಲೆ ಕೂತು ಗಿರಾಕಿಗಳೊಂದಿಗೆ ವಾದಿಸುವುದನ್ನೂ, ಮಿರ್ಚಿ ಕರಿಯುವ ಗಾಡಿಯ ಮುಂದೆ ನಿಲ್ಲದೆ ಹಾಯುವುದನ್ನೂ ತಾವು ಕಠಿಣ ಆಸನಗಳೆಂದು ಪರಿಗಣಿಸಬೇಕು. ಅದಾಗದಿದ್ದರೆ, ಚನ್ನಬಸವ್ವನ ಕೈಯಲ್ಲಿದ್ದಾಗ ಅವಳ ರೊಟ್ಟಿ ಲೆಕ್ಕಕ್ಕೆ ಬರದ ಹಾಗೆ ಬ್ಯಾಟರಿ ತೀರಿದಂತೆ ನಟಿಸಬೇಕೆಂದು ಕೈಮುಗಿದು ಬೇಡುತ್ತೇನೆ.

ತಮ್ಮ ಪಟ್ಟಿಯ ಗುರುತನ್ನು ಇನ್ನೂ ಕೈಮೇಲೆ ಹೊತ್ತಿರುವ ವಿಶ್ವಾಸಿ,
ಕುಬೇರಪ್ಪ

ತಾ.ಕ.: ಇಂದು ಮುಂಜಾನೆ ರೊಟ್ಟಿ ನಾನೇ ಬಡಿದೆ. ಬಡಿತವನ್ನಷ್ಟೇ ಎಣಿಸಿ ರೊಟ್ಟಿಯ ಕಡೆ ನೋಡದ ತಾವು ಭಾನುವಾರದಷ್ಟೇ ಔದಾರ್ಯದಿಂದ ಪಟಾಕಿ ಹಾರಿಸಿದಿರಿ. ಕಾಯಿದೆಯಂತೆ ಚನ್ನಬಸವ್ವ ಬೆಣ್ಣೆಯ ಬಟ್ಟಲನ್ನು ನನ್ನ ಮುಂದಿಟ್ಟು, ನನ್ನ ಮ್ಯಾಟು ತೆಗೆದುಕೊಂಡು ಯೋಗಕ್ಕೆ ಹೋಗಿದ್ದಾಳೆ. ಬೆಣ್ಣೆ ಬೇಕಾದಷ್ಟಿದೆ, ಹಚ್ಚಿಕೊಳ್ಳಲು ಹರಿಯದ ರೊಟ್ಟಿ ಒಂದೂ ಇಲ್ಲ.